ಮನೆ ಮತ್ತು ಕಚೇರಿ ಕೆಲಸಕ್ಕೆ ಕಡಿಮೆ ಖರ್ಚಿನ ಕಂಪ್ಯೂಟರ್: ಬಿಡಿಭಾಗಗಳನ್ನು ಆರಿಸುವ ಬಗೆ

ನನ್ನ ಅತ್ತಿಗೆ ಮನೆಯಿಂದಲೇ ಅಂಗಡಿಗಳ ಲೆಕ್ಕಪತ್ರ ಬರೆಯುತ್ತಾರೆ. ಟ್ಯಾಲಿ, ಎಕ್ಸೆಲ್, ಬ್ರೌಸರ್‌ನಲ್ಲಿ ತೆರೆದಿಟ್ಟ ಹದಿನೈದು ಪುಟ, ಸಂಜೆ ಮಗನ ಪಾಠದ ವಿಡಿಯೊ: ಇಷ್ಟೇ ಕೆಲಸ. ಆದರೂ ಹಳೆಯ ಕಂಪ್ಯೂಟರ್ ತೆವಳುತ್ತಿತ್ತು. "ಹೊಸ ಪ್ರೊಸೆಸರ್ ಹಾಕಿಸಿದರೆ ಸರಿಹೋಗುತ್ತದೆಯೇನಪ್ಪಾ?" ಎಂದು ಕೇಳಿದರು. ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆವು. ಪ್ರೊಸೆಸರ್ 15 ಪ್ರತಿಶತದಲ್ಲಿ ಹಾಯಾಗಿತ್ತು, ಹಾರ್ಡ್ ಡಿಸ್ಕ್ 100 ಪ್ರತಿಶತದಲ್ಲಿ ಏದುಸಿರು ಬಿಡುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ತಪ್ಪು ಆಗುವುದು ಇಲ್ಲಿಯೇ. ಕಾಯುವಿಕೆ ಯಾವ ಭಾಗದಿಂದ ಹುಟ್ಟುತ್ತಿದೆ ಎಂದು ಮೊದಲು ನೋಡಬೇಕು, ಹಣ ಆ ಭಾಗಕ್ಕೆ ಹೋಗಬೇಕು. ಈ ಟಿಪ್ಪಣಿಯ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ. ಬೆಲೆಗಳು ವಾರದಿಂದ ವಾರಕ್ಕೆ ಬದಲಾಗುವುದರಿಂದ ಅವನ್ನು ಬರೆಯುತ್ತಿಲ್ಲ.

ಡಿಸ್ಕನ್ನಷ್ಟೇ ಬದಲಿಸಿದರೆ ಸಾಲದೇ? ಎಷ್ಟೋ ಮನೆಗಳಲ್ಲಿ ಸಾಕು. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಪ್ರತಿ ಚಿಕ್ಕ ಕಡತಕ್ಕೂ ತನ್ನ ಮುಳ್ಳನ್ನು ಸರಿಸಬೇಕು. ಎಸ್‌ಎಸ್‌ಡಿಯಲ್ಲಿ ಸರಿಸಲು ಮುಳ್ಳೇ ಇಲ್ಲ, ಅದು ಕಡತಗಳನ್ನು ಚಿಪ್‌ಗಳಲ್ಲಿ ಇಡುವ ಡಿಸ್ಕ್. ಹಾರ್ಡ್ ಡಿಸ್ಕಿನ ಕೇಬಲ್ಲಿಗೇ ಸಿಕ್ಕಿಸುವ ಅಗ್ಗದ ಸಾಟಾ ಎಸ್‌ಎಸ್‌ಡಿ ಕೂಡ ಹಳೆಯ ಯಂತ್ರಕ್ಕೆ ಹೊಸ ಜೀವ ಕೊಡುತ್ತದೆ. ಅತ್ತಿಗೆಯ ಯಂತ್ರದ ತೊಡಕು ಬೇರೆಯಿತ್ತು. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಯುವ ಭದ್ರತಾ ಭಾಗ) ಕೇಳುತ್ತದೆ, ಇಂಟೆಲ್‌ನ ಕೋರ್ ಸರಣಿಯಲ್ಲಾದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನಿಂದ ಈಚಿನದ್ದೇ ಆಗಬೇಕೆನ್ನುತ್ತದೆ. ಅವರದ್ದು ನಾಲ್ಕನೆಯ ತಲೆಮಾರು. ಜನರ ತೆರಿಗೆ ವಿವರಗಳನ್ನು ಇಟ್ಟುಕೊಳ್ಳುವ ಯಂತ್ರವನ್ನು ಭದ್ರತಾ ತಿದ್ದುಪಡಿ ಇಲ್ಲದೆ ನಡೆಸುವುದು ಸರಿಯಲ್ಲ ಎಂದು ಹೊಸದನ್ನೇ ಜೋಡಿಸಲು ತೀರ್ಮಾನಿಸಿದೆವು.

ಪ್ರೊಸೆಸರ್ ಆರಿಸುವಾಗ ಹೆಸರಿನ ಕೊನೆಯ ಅಕ್ಷರವನ್ನು ಬಿಡದೆ ಓದಿ. ಇಂಟೆಲ್ ಕೋರ್ ಐ3-12100ರಲ್ಲಿ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಒಳಗೇ ಇದೆ. ಅದೇ 12100ಎಫ್ ಎಂದರೆ ಗ್ರಾಫಿಕ್ಸ್ ಇಲ್ಲ. ಎಎಂಡಿಯಲ್ಲಿ ರೈಜನ್ 5 5600ಜಿಗೆ ಗ್ರಾಫಿಕ್ಸ್ ಇದೆ, 'ಜಿ' ಇಲ್ಲದ 5600ಕ್ಕೆ ಇಲ್ಲ. ತುಸು ಅಗ್ಗವೆಂದು ಎಫ್ ತಂದವರು ಮನೆಗೆ ಬಂದು ಕಪ್ಪು ಪರದೆ ನೋಡುತ್ತಾ ಕೂರಬೇಕಾಗುತ್ತದೆ. ಹಾಗೆಂದು ಲೆಕ್ಕಪತ್ರದ ಯಂತ್ರಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ನಾವು 4 ಕೋರ್‌ಗಳ 12100 ತೆಗೆದುಕೊಂಡೆವು, ಜೊತೆಗೆ ಎಲ್ಲ ಭಾಗಗಳನ್ನು ಬೆಸೆಯುವ, ಎಚ್610 ಚಿಪ್‌ಸೆಟ್‌ನ ಮದರ್‌ಬೋರ್ಡ್.

ಎಚ್610 ಬೋರ್ಡುಗಳು ರ‍್ಯಾಮ್‌ನ (ಕೆಲಸದ ನಡುವೆ ಬೇಕಾದದ್ದನ್ನು ಇಟ್ಟುಕೊಳ್ಳುವ ನೆನಪಿನ) ಎರಡು ತಲೆಮಾರುಗಳಾದ ಡಿಡಿಆರ್4ಕ್ಕೂ ಬರುತ್ತವೆ, ಡಿಡಿಆರ್5ಕ್ಕೂ ಬರುತ್ತವೆ. ಎರಡೂ ಬಗೆಯ ರ‍್ಯಾಮ್‌ಗೆ 288 ಪಿನ್‌ಗಳೇ, ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದು ಇನ್ನೊಂದರಲ್ಲಿ ಕೂರುವುದಿಲ್ಲ. ಬೋರ್ಡಿನ ಹೆಸರನ್ನು ಪೂರ್ತಿ ಓದಿಯೇ ರ‍್ಯಾಮ್ ಕೊಳ್ಳಿ.

ಇನ್ನು 16 ಜಿಬಿಯ ಒಂದೇ ಕಡ್ಡಿಯೋ, 8 ಜಿಬಿಯ ಎರಡೋ? ಡಿಡಿಆರ್4-3200 ರ‍್ಯಾಮ್ ಸೆಕೆಂಡಿಗೆ 3200 ದಶಲಕ್ಷ ಸಲ, ಪ್ರತಿ ಸಲ 8 ಬೈಟ್ ಸಾಗಿಸುತ್ತದೆ. ಗುಣಿಸಿದರೆ 25.6 ಜಿಬಿ. ಇದು ಒಂದು ಚಾನೆಲ್‌ನ, ಅಂದರೆ ಪ್ರೊಸೆಸರ್‌ಗೆ ಹೋಗುವ ಒಂದು ದಾರಿಯ, ಗರಿಷ್ಠ. ಎರಡು ಕಡ್ಡಿಗಳಿದ್ದರೆ ಎರಡು ಚಾನೆಲ್, 51.2 ಜಿಬಿ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ನೆನಪು ಇಲ್ಲದೆ ಇದೇ ರ‍್ಯಾಮ್ ಹಂಚಿಕೊಳ್ಳುವುದರಿಂದ ಈ ದಾರಿಯ ಅಗಲ ಮುಖ್ಯ. ಈಗ ಹಣ ಒಂದಕ್ಕೇ ಇದ್ದರೆ 8 ಜಿಬಿಯ ಒಂದನ್ನು ಹಾಕಿ, ಮುಂದೆ ಇನ್ನೊಂದನ್ನು ಸೇರಿಸಿ.

ಎಸ್‌ಎಸ್‌ಡಿಗೆ 500 ಜಿಬಿಯ ಎನ್‌ವಿಎಂಇ ಸಾಕು. ಇದು ಕೇಬಲ್ ಇಲ್ಲದೆ ಬೋರ್ಡಿನ ಎಂ.2 ಎಂಬ ಕಿಂಡಿಯಲ್ಲೇ ಕೂರುವ, ಸಾಟಾಗಿಂತ ವೇಗದ ಬಗೆ. ಎಚ್610ರ ಆ ಕಿಂಡಿ ಪಿಸಿಐಇ ಎಂಬ ಸಂಪರ್ಕದ 3.0 ವೇಗದ್ದು, 5600ಜಿ ಪ್ರೊಸೆಸರ್ ಕೂಡ ಅಷ್ಟನ್ನೇ ಬಲ್ಲದು. 4.0ರ ದುಬಾರಿ ಡ್ರೈವ್ ತಂದರೂ ಓಡುವುದು 3.0ರ ವೇಗದಲ್ಲಿಯೇ.

ಈಗ ನಾನು ಕೈ ಹಿಡಿದು ಹೇಳಬೇಕಾದ ಭಾಗಕ್ಕೆ ಬಂದೆ. ಅದು ಎಸ್‌ಎಂಪಿಎಸ್. ಗೋಡೆಯ ಕರೆಂಟನ್ನು ಭಾಗಗಳಿಗೆ ಬೇಕಾದ ವೋಲ್ಟಿಗೆ ಇಳಿಸಿ ಕೊಡುವ ಡಬ್ಬಿ ಅದು. ಹಿಂದೊಮ್ಮೆ ಕ್ಯಾಬಿನೆಟ್ ಜೊತೆಗೆ ಬಂದದ್ದನ್ನೇ ಬಳಸಿದ್ದೆ. ಕರೆಂಟು ಹೋಗಿ ಬಂದ ಒಂದು ಸಂಜೆ ಅದು ಸುಟ್ಟು, ಮದರ್‌ಬೋರ್ಡನ್ನೂ ತನ್ನೊಡನೆ ಕೊಂಡೊಯ್ದಿತು. ಆಮೇಲೆ ಅದರ ಚೀಟಿ ಓದಿದೆ. ದಪ್ಪ ಅಕ್ಷರದಲ್ಲಿ 450 ವಾಟ್ ಎಂದಿತ್ತು. ಕೆಳಗೆ 12 ವೋಲ್ಟ್ ಸಾಲಿನಲ್ಲಿ 14 ಆಂಪಿಯರ್. 12ನ್ನು 14ರಿಂದ ಗುಣಿಸಿದರೆ 168 ವಾಟ್. ಪ್ರೊಸೆಸರ್ ಮುಖ್ಯವಾಗಿ ಉಣ್ಣುವುದು ಈ ಸಾಲಿನಿಂದಲೇ. ಅಂಗಡಿಯಲ್ಲಿ ನಿಂತೇ ಈ ಗುಣಾಕಾರ ಮಾಡಿ.

ನಮಗೆ ಬೇಕಾದದ್ದಾದರೂ ಎಷ್ಟು? 12100 ಹೆಚ್ಚೆಂದರೆ 89 ವಾಟ್ ಎಳೆಯುತ್ತದೆ. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್‌ಗಳಿಗೆಂದು ಇನ್ನೊಂದು 40 ಹಿಡಿಯಿರಿ. 150 ವಾಟ್ ದಾಟುವುದಿಲ್ಲ. ಆದ್ದರಿಂದ ಬೇಕಿರುವುದು ದೊಡ್ಡ ಅಂಕಿಯಲ್ಲ, 80 ಪ್ಲಸ್ ಗುರುತು (ಕರೆಂಟನ್ನು ಕಡಿಮೆ ಪೋಲು ಮಾಡುತ್ತದೆಂಬ ಪ್ರಮಾಣ) ಮತ್ತು ಹಲವು ವರ್ಷದ ವಾರಂಟಿ ಇರುವ 400 ಅಥವಾ 450 ವಾಟ್‌ನ ಪ್ರಾಮಾಣಿಕ ಎಸ್‌ಎಂಪಿಎಸ್. ಹಣ ಉಳಿಸಲೇಬೇಕಿದ್ದರೆ ಕ್ಯಾಬಿನೆಟ್‌ನಲ್ಲಿ ಉಳಿಸಿ. ಗಾಜಿನ ಬದಿ, ಬಣ್ಣದ ದೀಪ ಯಾವುದೂ ಬೇಡ, ಗಾಳಿಯಾಡುವ ತಗಡಿನ ಪೆಟ್ಟಿಗೆ ಸಾಕು. ಕರೆಂಟು ಕೈಕೊಡುವ ಊರಾದರೆ 600 ವಿಎ ಯುಪಿಎಸ್ ಕೂಡ ಪಟ್ಟಿಯಲ್ಲಿರಲಿ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ಪ್ರೊಸೆಸರ್ ಮುಚ್ಚಿದ ಪೆಟ್ಟಿಗೆಯಲ್ಲಿಯೇ ಇರಲಿ. ಅದಕ್ಕೆ ತಯಾರಕರ 3 ವರ್ಷದ ವಾರಂಟಿ ಇರುತ್ತದೆ, ಕೂಲರ್ ಕೂಡ ಒಳಗಿರುತ್ತದೆ. ಟ್ರೇ ಎಂದು ಬಿಡಿಯಾಗಿ ಮಾರುವುದಕ್ಕೆ ಅಂಗಡಿಯವರ ಮಾತೇ ವಾರಂಟಿ. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ.

ಜೋಡಿಸಿದ ಮೇಲೆ ಒಮ್ಮೆ ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ, ಬೋರ್ಡಿನ ಸ್ವಂತ ತಂತ್ರಾಂಶ) ಒಳಗೆ ಹೋಗಿ ರ‍್ಯಾಮ್ ವೇಗ ನೋಡಿ. ಅತ್ತಿಗೆಯ ಯಂತ್ರದಲ್ಲಿ ಮೊದಲು 2666 ಎಂದು ಇತ್ತು. ಎಕ್ಸ್‌ಎಂಪಿ (ರ‍್ಯಾಮ್ ತಯಾರಕರು ಬರೆದಿಟ್ಟ ವೇಗದ ಹೊಂದಿಕೆ) ಆಯ್ಕೆ ಮಾಡಿ, ಉಳಿಸಿ, ಮತ್ತೆ ಚಾಲೂ ಮಾಡಿದಾಗ 3200 ತೋರಿಸಿತು.