ಮ್ಯಾಕ್ರೋಗೂ ಟೆಲಿಫೋಟೋಗೂ ಒಂದೇ ಟ್ರೈಪಾಡ್ ಸಾಕೇ?

ಪ್ರಶ್ನೆ: ಹೂವು, ಕೀಟಗಳ ಮ್ಯಾಕ್ರೋ (ತೀರಾ ಹತ್ತಿರದಿಂದ ತೆಗೆಯುವ) ಚಿತ್ರಗಳನ್ನೂ 500 ಮಿ.ಮೀ. ಲೆನ್ಸ್‌ನಿಂದ ಹಕ್ಕಿಗಳ ಚಿತ್ರಗಳನ್ನೂ ತೆಗೆಯುತ್ತೇನೆ. ಎರಡಕ್ಕೂ ಒಂದೇ ಟ್ರೈಪಾಡ್ ಮತ್ತು ಹೆಡ್ ಸಾಕಾಗುತ್ತದೆಯೇ?

ಉತ್ತರ: ಟ್ರೈಪಾಡ್ ಒಂದೇ ಸಾಕು, ಆದರೆ ಅದರ ಮೇಲೆ ಕ್ಯಾಮೆರಾವನ್ನು ಹಿಡಿದು ತಿರುಗಿಸುವ ಹೆಡ್ ಎರಡಿದ್ದರೆ ಒಳ್ಳೆಯದು. ಫುಲ್ ಫ್ರೇಮ್ (35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ 500 ಮಿ.ಮೀ. ಲೆನ್ಸ್ ಅಡ್ಡಲಾಗಿ ನೋಡುವುದು ಸುಮಾರು 4 ಡಿಗ್ರಿಯಷ್ಟನ್ನು ಮಾತ್ರ. ಹೀಗಾಗಿ ಕಣ್ಣಿಗೆ ಕಾಣದಷ್ಟು ಅಲುಗಾಟವೂ ಚಿತ್ರವನ್ನು ಮಸುಕಾಗಿಸುತ್ತದೆ. ಮ್ಯಾಕ್ರೋದಲ್ಲಿ 1:1 ಗಾತ್ರಕ್ಕೆ (ವಸ್ತುವಿನ ಬಿಂಬ ಸೆನ್ಸರ್ ಮೇಲೆ ನಿಜ ಗಾತ್ರದಲ್ಲೇ ಬೀಳುವ ಹಂತಕ್ಕೆ) ಬಂದಾಗ ಅಲುಗಾಟ ದೊಡ್ಡದಾಗಿ ಕಾಣುವುದರ ಜೊತೆಗೆ ಸುಮಾರು ಎರಡು ಸ್ಟಾಪ್‌ನಷ್ಟು (ಅಂದರೆ ನಾಲ್ಕನೇ ಒಂದು ಭಾಗಕ್ಕೆ) ಬೆಳಕೂ ಕಡಿಮೆಯಾಗುವುದರಿಂದ ಶಟರ್ ಇನ್ನಷ್ಟು ಹೊತ್ತು ತೆರೆದಿರಬೇಕಾಗುತ್ತದೆ. ಗಾಳಿಗೆ ಹೂವೇ ಓಲಾಡುತ್ತಿದ್ದರೆ ಯಾವ ಟ್ರೈಪಾಡೂ ನೆರವಾಗದು, ಅದು ಬೇರೆ ಮಾತು.

ಹಣವನ್ನು ಮೊದಲು ಕಾಲುಗಳಿಗೇ ಹಾಕಿ. ಮೇಲಿನ ಕೊಳವೆ 32 ಮಿ.ಮೀ. ಅಥವಾ ಅದಕ್ಕಿಂತ ದಪ್ಪವಾಗಿರಲಿ. ಹೆಚ್ಚು ಮಡಿಕೆಗಳಿದ್ದಷ್ಟೂ (ಒಂದರೊಳಗೊಂದು ಸೇರುವ ಕೊಳವೆಗಳು) ಕೊನೆಯ ಕೊಳವೆ ಸಣ್ಣದಾಗುವುದರಿಂದ, ಸಾಗಿಸಲು ತೊಂದರೆಯಿಲ್ಲದಿದ್ದರೆ ನಾಲ್ಕಕ್ಕಿಂತ ಮೂರು ಮಡಿಕೆಯ ಕಾಲುಗಳೇ ಮೇಲು. ಸೆಂಟರ್ ಕಾಲಮ್ (ಕಾಲುಗಳ ನಡುವೆ ಮೇಲೆ ಕೆಳಗೆ ಸರಿಯುವ ಕಂಬ) ಇಲ್ಲದ, ಇದ್ದರೂ ತೆಗೆದಿಡಬಹುದಾದ ಟ್ರೈಪಾಡನ್ನು ಆರಿಸಿ. ಆ ಕಾಲಮ್ ಮೇಲೆತ್ತಿದರೆ ಟೆಲಿಫೋಟೋ ಲೆನ್ಸ್ ಒಂಟಿ ಕಂಬದ ಮೇಲೆ ನಿಂತಂತಾಗುತ್ತದೆ, ಇಳಿಸಿದರೆ ನೆಲಮಟ್ಟದ ಮ್ಯಾಕ್ರೋಗೆ ಅಡ್ಡ ಬರುತ್ತದೆ. ಇಷ್ಟು ಕಿಲೋ ಹೊರುತ್ತದೆ ಎಂದು ತಯಾರಕರು ಕೊಡುವ ಅಂಕಿಯನ್ನು ನಾನು ಹೆಚ್ಚು ನಂಬುವುದಿಲ್ಲ, ಏಕೆಂದರೆ ಒಬ್ಬೊಬ್ಬರು ಒಂದೊಂದು ರೀತಿ ಅಳೆಯುತ್ತಾರೆ. ಅದಕ್ಕಿಂತ, ನಿಮ್ಮ ಲೆನ್ಸನ್ನೇ ಕೂರಿಸಿ, ಕ್ಯಾಮೆರಾ ಪರದೆಯಲ್ಲಿ ನೇರವಾಗಿ ಕಾಣುವ ಲೈವ್ ವ್ಯೂ ಚಿತ್ರವನ್ನು ಪೂರ್ತಿ ಹಿಗ್ಗಿಸಿ, ಕಾಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ನಡುಕ ಅಡಗಲು ಎಷ್ಟು ಹೊತ್ತು ಬೇಕಾಗುತ್ತದೆ ಎಂಬುದನ್ನು ನೋಡುವುದು ಉತ್ತಮ.

ಇನ್ನು ಹೆಡ್. ಬಾಲ್ ಹೆಡ್‌ನಲ್ಲಿ ಭಾರವೆಲ್ಲ ಎಲ್ಲ ದಿಕ್ಕಿಗೂ ತಿರುಗುವ ಒಂದು ಗುಂಡಿನ ಮೇಲಿರುತ್ತದೆ. ಬಿಗಿ ಸ್ವಲ್ಪ ಸಡಿಲವಾದರೂ ಭಾರದ ಲೆನ್ಸ್ ಒಂದು ಬದಿಗೆ ದೊಪ್ಪನೆ ವಾಲಿ, ಬೆರಳು ಸಿಕ್ಕಿಕೊಳ್ಳಲೂಬಹುದು. ಗಿಂಬಲ್ ಹೆಡ್‌ನಲ್ಲಿ ಲೆನ್ಸಿನ ಗುರುತ್ವ ಕೇಂದ್ರ ತಿರುಗುವ ಅಕ್ಷದ ಮೇಲೆಯೇ ಬರುವಂತೆ ಹೊಂದಿಸುವುದರಿಂದ, ಕೈಬಿಟ್ಟಲ್ಲೇ ಅದು ನಿಲ್ಲುತ್ತದೆ, ಹಾರುವ ಹಕ್ಕಿಯ ಹಿಂದೆ ಬೆರಳ ತುದಿಯಲ್ಲೇ ತಿರುಗುತ್ತದೆ. ಹೀಗೆ ಹೊಂದಿಸಲು ಲೆನ್ಸನ್ನು ಸುತ್ತುವರಿದು ಹಿಡಿಯುವ ಕಾಲರ್‌ಗೆ ಹಿಂದೆ ಮುಂದೆ ಸರಿಸಬಹುದಾದ ಉದ್ದನೆಯ ಪ್ಲೇಟ್ ಬೇಕು.

ಮ್ಯಾಕ್ರೋಗೆ ಗಿಂಬಲ್ ಒಗ್ಗುವುದಿಲ್ಲ. ಅಲ್ಲಿ ಬೇಕಾದುದು ಬಿಗಿ ಮಾಡಿದ ಮೇಲೆ ಕೂದಲೆಳೆಯಷ್ಟೂ ಜಗ್ಗದ ಹೆಡ್. ಅಲುಗದ ವಸ್ತುಗಳಿಗೆ ಗೇರ್ ಹೆಡ್‌ಗೆ ಸಾಟಿಯಿಲ್ಲ: ಒಂದೊಂದು ದಿಕ್ಕಿಗೆ ಒಂದೊಂದು ತಿರುಪು ಇರುವುದರಿಂದ ಚೌಕಟ್ಟನ್ನು ನಿಧಾನವಾಗಿ, ನಿಖರವಾಗಿ ಸರಿಪಡಿಸಬಹುದು. ಓಡಾಡುವ ಕೀಟಗಳಿಗೆ ಆ ನಿಧಾನವೇ ತೊಡಕು. ಅಲ್ಲಿ ಬಾಲ್ ಹೆಡ್ ವಾಸಿ. ಫೋಕಸ್ ರಿಂಗ್ ತಿರುಗಿಸಿದರೆ ಚಿತ್ರದ ಗಾತ್ರವೂ ಬದಲಾಗುವುದರಿಂದ, ಕ್ಯಾಮೆರಾವನ್ನೇ ಹಿಂದೆ ಮುಂದೆ ಸರಿಸುವ ಫೋಕಸಿಂಗ್ ರೈಲ್ ಕೂಡ ಬೇಗನೆ ಬೇಕೆನಿಸುತ್ತದೆ. ಎಲ್ಲದರ ಪ್ಲೇಟ್‌ಗಳೂ ಒಂದಕ್ಕೊಂದು ಹೊಂದುವಂತೆ ಆರ್ಕಾ-ಸ್ವಿಸ್ ಎಂಬ ಒಂದೇ ಮಾದರಿಯವೇ ಆಗಿರಲಿ.

ಸದ್ಯಕ್ಕೆ ಒಂದೇ ಹೆಡ್ ಕೊಳ್ಳಲು ಸಾಧ್ಯವೆಂದಾದರೆ ದೊಡ್ಡ ಗುಂಡಿನ ಬಾಲ್ ಹೆಡ್ ತೆಗೆದುಕೊಳ್ಳಿ. ಅದರ ಮೇಲೆ ಕೂರಿಸಬಹುದಾದ ಗಿಂಬಲ್ ಅಡಾಪ್ಟರ್‌ಗಳೂ ಸಿಗುತ್ತವೆ, ಅದನ್ನು ಮುಂದೆ ಸೇರಿಸಿಕೊಳ್ಳಬಹುದು.