ನೆಟ್ ಹೋದರೆ ಚಾರ್ಜರ್ ಯಾಕೆ ಮಾತು ಕೇಳುವುದಿಲ್ಲ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಹೋದ ವರ್ಷ ಎಲೆಕ್ಟ್ರಿಕ್ ಕಾರು ತಗೊಂಡು ಜಗಲಿ ಪಕ್ಕದ ಗೋಡೆಗೆ 7.2 ಕಿಲೋವ್ಯಾಟ್ ಚಾರ್ಜರ್ ಹಾಕಿಸಿದೆವು. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾದರೆ ಮೂರ್ನಾಲ್ಕು ದಿನ ನೆಟ್ ಇರುವುದಿಲ್ಲ. ಕರೆಂಟ್ ಇದ್ದರೂ ಆ್ಯಪ್ ‘ಚಾರ್ಜರ್ ಆಫ್‌ಲೈನ್’ ಎನ್ನುತ್ತದೆ. ನೆಟ್ ಇಲ್ಲದೆ ಆ್ಯಪ್‌ನಿಂದ ಚಾರ್ಜರ್ ನಡೆಸಲು ಆಗುವುದಿಲ್ಲವೇ?

ಉತ್ತರ: ಆಗುತ್ತದೆ. ಆದರೆ ನಿಮ್ಮ ಚಾರ್ಜರಿನಲ್ಲಿ ಆ ವ್ಯವಸ್ಥೆ ಇರಬೇಕು.

ಎಷ್ಟೋ ಆ್ಯಪ್‌ಗಳಲ್ಲಿ ನೀವು ‘ಸ್ಟಾರ್ಟ್’ ಒತ್ತಿದರೆ ಅದು ನೇರ ಗೋಡೆಯ ಚಾರ್ಜರ್‌ಗೆ ಹೋಗುವುದಿಲ್ಲ. ಕಂಪನಿಯ ಸರ್ವರ್‌ಗೆ ಹೋಗಿ, ಅಲ್ಲಿಂದ ನಿಮ್ಮ ರೂಟರ್‌ಗೆ ಬಂದು, ಆಮೇಲೆ ಚಾರ್ಜರ್ ಮುಟ್ಟುತ್ತದೆ. ಪಕ್ಕದ ಮನೆಯ ಮಜ್ಜಿಗೆಗೆ ಹುಬ್ಬಳ್ಳಿ ಸುತ್ತಿ ಬಂದ ಹಾಗೆ. ಮನೆಯೊಳಗೇ ಚಾರ್ಜರ್ ಜೊತೆ ನೇರ ಮಾತಾಡುವ ‘ಲೋಕಲ್’ ಆ್ಯಪ್‌ಗೆ ಈ ಸುತ್ತಾಟವಿಲ್ಲ. ಫೋನು, ಚಾರ್ಜರು ಎರಡೂ ಮನೆಯ ಒಂದೇ ವೈಫೈಯಲ್ಲಿದ್ದರೆ ಸಾಕು. ಕೆಲವು ಚಾರ್ಜರ್‌ಗಳು ಬ್ಲೂಟೂತ್‌ನಲ್ಲೂ ಮಾತಾಡುತ್ತವೆ. ರೂಟರ್‌ಗೆ ಕರೆಂಟ್ ಇದ್ದರಾಯಿತು, ನೆಟ್ ಬೇಕಿಲ್ಲ.

ನಿಮ್ಮ ಚಾರ್ಜರ್ ಯಾವ ಜಾತಿಯದ್ದು ಎಂದು ತಿಳಿಯಲು ಸುಮ್ನೆ ಫೈಬರ್ ತಂತಿ ಕೀಳಬೇಡಿ, ಆ ಕೆಲಸ ಮಳೆಯೇ ಮಾಡುತ್ತದೆ. ಮುಂದಿನ ಸಲ ನೆಟ್ ಹೋದಾಗ ಮೊದಲು ಫೋನಿನ ಮೊಬೈಲ್ ಡೇಟಾ ಬಂದ್ ಮಾಡಿ. ವೈಫೈ ಮಾತ್ರ ಇಟ್ಟುಕೊಂಡು ಆ್ಯಪ್ ತೆರೆಯಿರಿ. ಡೇಟಾ ಬಂದ್ ಮಾಡುವುದನ್ನು ಮರೆಯಬೇಡಿ. ವೈಫೈಯಲ್ಲಿ ನೆಟ್ ಇಲ್ಲ ಎಂದು ಗೊತ್ತಾದ ಕೂಡಲೇ ಎಷ್ಟೋ ಫೋನುಗಳು ಹೇಳದೆ ಕೇಳದೆ ಸಿಮ್ ಡೇಟಾಕ್ಕೆ ಜಾರುತ್ತವೆ. ಆಗ ಫೋನು ಮನೆಯ ಜಾಲದಿಂದ ಹೊರಗೆ, ಚಾರ್ಜರ್ ಒಳಗೆ. ನಾನು ಎರಡು ಸಂಜೆ ಚಾರ್ಜರ್‌ಗೆ ಬೈದಿದ್ದೆ. ತಪ್ಪು ಫೋನಿನದ್ದಾಗಿತ್ತು! ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ‘ಲೋಕಲ್ ನೆಟ್‌ವರ್ಕ್’ ಅನುಮತಿ ಇದೆಯೇ ಎಂದೂ ನೋಡಿ. ರೂಟರ್‌ನಲ್ಲಿ ನೆಂಟರಿಗೆಂದು ಬೇರೆಯಾಗಿ ಇಡುವ ಗೆಸ್ಟ್ ವೈಫೈಗೆ ಚಾರ್ಜರ್ ಜೋಡಿಸಿದ್ದರೂ ಇದೇ ಗೋಳು.

ಅಂಗಡಿಯಲ್ಲಿ ‘ಓಸಿಪಿಪಿ 1.6 ಇದೆ ಸಾರ್’ ಎಂದು ಹೇಳಿ ಸಮಾಧಾನ ಮಾಡುತ್ತಾರೆ. ಅದು ಚಾರ್ಜರ್ ಮತ್ತು ಸರ್ವರ್ ನಡುವಿನ ಭಾಷೆ. ಮನೆಯಲ್ಲೇ ಸಣ್ಣ ಕಂಪ್ಯೂಟರ್ ಇಟ್ಟು ಸರ್ವರ್ ನಡೆಸುವ ಹುಚ್ಚಿದ್ದವರಿಗೆ ಅನುಕೂಲ, ಉಳಿದವರಿಗೆ ಅದೊಂದರಿಂದಲೇ ಲೋಕಲ್ ಆಗುವುದಿಲ್ಲ.

ಸ್ಟಾರ್ಟ್, ಸ್ಟಾಪ್‌ಗಷ್ಟೇ ಆದರೆ ಲೋಕಲ್ ಆ್ಯಪ್‌ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಪ್ಲಗ್ ಹಾಕಿದ ತಕ್ಷಣ ಶುರುವಾಗುವಂತೆ ನೆಟ್ ಇದ್ದಾಗಲೇ ಸೆಟ್ ಮಾಡಿಟ್ಟರೆ ಮುಗಿಯಿತು. ನಮ್ಮ ಕಡೆ ಲೋಕಲ್ ಆ್ಯಪ್‌ನ ನಿಜವಾದ ಉಪಯೋಗ ಆಂಪಿಯರ್, ಅಂದರೆ ಕಾರು ಎಳೆಯುವ ಕರೆಂಟಿನ ಪ್ರಮಾಣ, ಇಳಿಸುವುದರಲ್ಲಿದೆ. ಕಾರಿಗೆ ಹೋಗುವ ಕೇಬಲ್‌ನಲ್ಲಿ ‘ಪೈಲಟ್’ ಎಂಬ ಸಣ್ಣ ತಂತಿ ಇರುತ್ತದೆ. ಅದರಲ್ಲಿ ಚಾರ್ಜರ್ ಸೆಕೆಂಡಿಗೆ 1000 ಸಲ ಮಿಡಿತ ಕಳಿಸುತ್ತದೆ. ಆ ಮಿಡಿತ ಎಷ್ಟು ಅಗಲ ಎಂಬುದನ್ನು ನೋಡಿ ಕಾರು ‘ಇಷ್ಟು ಆಂಪಿಯರ್‌ಗಿಂತ ಜಾಸ್ತಿ ಎಳೆಯಬಾರದು’ ಎಂದು ತಿಳಿಯುತ್ತದೆ. ಒಂದು ಮಿಡಿತ ಶುರುವಾಗಿ ಮುಂದಿನದು ಶುರುವಾಗುವವರೆಗಿನ ಹೊತ್ತಿನ ಶೇಕಡಾ 10ರಷ್ಟು ಅಗಲ ಎಂದರೆ 6 ಆಂಪಿಯರ್, ಶೇಕಡಾ 50 ಎಂದರೆ 30. ಆ್ಯಪ್‌ನಲ್ಲಿ ನೀವು ಬೆರಳಲ್ಲಿ ಎಳೆಯುವ ಗೆರೆ ಬದಲಿಸುವುದು ಇದನ್ನೇ.

32 ಆಂಪಿಯರ್‌ನಲ್ಲಿ ಸುಮಾರು 7 ಕಿಲೋವ್ಯಾಟ್, 6ರಲ್ಲಿ ಸುಮಾರು 1.4. ತೋಟದ ಪಂಪು ಓಡುವಾಗ ವೋಲ್ಟೇಜ್ ಕುಸಿದು ಟ್ಯೂಬ್‌ಲೈಟ್ ಮಿಣುಕುವುದು ಗೊತ್ತಲ್ವಾ? ಆಗ 6ಕ್ಕೆ ಇಳಿಸಿ, ಪಂಪು ನಿಂತ ಮೇಲೆ ಏರಿಸಿ. ರಾತ್ರಿಯಿಡೀ 10 ತಾಸು 6ರಲ್ಲೇ ಬಿಟ್ಟರೂ ಹೆಚ್ಚುಕಡಿಮೆ 14 ಯೂನಿಟ್ ಎಳೆಯುತ್ತದೆ. ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಲು ಧಾರಾಳವಾಯಿತು. ಹೆಸ್ಕಾಂನಲ್ಲಿ ನಿಮ್ಮ ಮಂಜೂರಾದ ಲೋಡ್ 3 ಕಿಲೋವ್ಯಾಟ್ ಮಾತ್ರ ಇದ್ದರೆ ಪೂರ್ತಿ 32ಕ್ಕೆ ಏರಿಸಲೇಬೇಡಿ, ಮೊದಲು ಲೋಡ್ ಹೆಚ್ಚಿಸಿಕೊಳ್ಳಿ.

ಬ್ಯಾಟರಿ ಶೇಕಡಾ 80ಕ್ಕೆ ನಿಲ್ಲಬೇಕೆಂದಿದ್ದರೆ ಅದನ್ನು ಕಾರಿನಲ್ಲೇ ಸೆಟ್ ಮಾಡಿ. ಮನೆಯ ಗೋಡೆಯ ಚಾರ್ಜರ್‌ಗೆ ಸಾಮಾನ್ಯವಾಗಿ ಬ್ಯಾಟರಿ ಎಷ್ಟು ತುಂಬಿದೆ ಎಂದೇ ತಿಳಿಯುವುದಿಲ್ಲ.

ಇನ್ನೊಂದು ಮಾತು. ಮಳೆಗಾಲದಲ್ಲಿ ಸರಿಯಿದ್ದು ಏಪ್ರಿಲ್‌ನಲ್ಲಿ ಚಾರ್ಜರ್ ಮೇಲೆ ಕೆಂಪು ದೀಪ ಬಂದರೆ ಆ್ಯಪ್ ತೆಗೆದು ಮತ್ತೆ ಹಾಕುತ್ತ ಕೂರಬೇಡಿ. ಅರ್ಥಿಂಗ್ ಸರಿ ಇಲ್ಲದಿದ್ದರೆ ಚಾರ್ಜರ್ ಹಠ ಹಿಡಿಯುತ್ತದೆ. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ. ಅರ್ಥಿಂಗ್ ಗುಂಡಿಗೆ ನಾಲ್ಕು ಕೊಡ ನೀರು ಹಾಕಿ ನೋಡಿ. ಅದಕ್ಕೂ ಹೋಗದಿದ್ದರೆ ವೈರಿಂಗ್‌ನವರನ್ನು ಕರೆಸಿ.