ಬಿಸಿಲೋ, ಜ್ವರವೋ? ಬೇಸಿಗೆಯಲ್ಲಿ ಕುದುರೆ ಮಲಗಿದಾಗ

ಏಪ್ರಿಲ್ ಬಂತೆಂದರೆ ವಿಜಯಪುರದಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಟಾಂಗಾದ ಕುದುರೆ ತಲೆ ಇಳಿಬಿಟ್ಟು ಮೇವು ಬಿಟ್ಟರೆ ಮಾಲೀಕರು ಹೇಳುವುದು ಒಂದೇ ಮಾತು: ‘ಜ್ವರ ಬಂದದೆ ಸಾಹೇಬರೇ, ಇಂಜೆಕ್ಷನ್ ಹಾಕಿಬಿಡಿ.’ ನಾನು ಮೊದಲು ಥರ್ಮಾಮೀಟರ್ ತೆಗೆಯುತ್ತೇನೆ. ಬಿಸಿಲಲ್ಲಿ ನಿಂತ ಕುದುರೆಯ ಬೆನ್ನು ಆರೋಗ್ಯವಿದ್ದರೂ ಸುಡುತ್ತದೆ. ಮೈ ಮುಟ್ಟಿ ಜ್ವರ ಹೇಳುವುದು ಬೇಸಿಗೆಯಲ್ಲಿ ಆಗದ ಕೆಲಸ.

ಕುದುರೆಯ ಉಷ್ಣತೆಯನ್ನು ಗುದದ್ವಾರದಲ್ಲೇ ನೋಡಬೇಕು. ಥರ್ಮಾಮೀಟರಿನ ಹೊರಗುಳಿಯುವ ತುದಿಗೆ ಗಟ್ಟಿ ದಾರ ಕಟ್ಟಿ, ದಾರದ ಇನ್ನೊಂದು ಕೊನೆಯನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಬಾಲದ ಕೂದಲಿಗೆ ಸಿಕ್ಕಿಸಿ. ಇಲ್ಲವಾದರೆ ಅದು ಒಳಗೆ ಸರಿದುಹೋಗುವುದೂ ಉಂಟು, ಲದ್ದಿಯ ಜೊತೆ ನೆಲಕ್ಕೆ ಬಿದ್ದು ಒಡೆಯುವುದೂ ಉಂಟು. ನೇರ ಹಿಂದೆ ನಿಲ್ಲದೆ ತೊಡೆಯ ಪಕ್ಕದಲ್ಲಿ ನಿಲ್ಲಿ. 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸಹಜ. ಬೆಳಗಿನ ಜಾವ, ದುಡಿಮೆ ಶುರುವಾಗುವ ಮೊದಲೇ 39.5 ಇದ್ದರೆ ಅದು ಸೋಂಕಿನ ಜ್ವರವೇ ಇರಬಹುದು. ಮಧ್ಯಾಹ್ನ ಗಾಡಿ ಎಳೆದು ಬಂದಾಗ 41 ತೋರಿಸಿ, ನೀರು ಸುರಿಯುತ್ತಿದ್ದಂತೆ ಇಳಿದು ಮತ್ತೆ ಏರದಿದ್ದರೆ ಅದು ಬಿಸಿಲಿನ ಹೊಡೆತ. ಜ್ವರವಾದರೆ ನೀರಿಗೆ ತುಸು ಇಳಿದರೂ ಮತ್ತೆ ಏರುತ್ತದೆ. ಜ್ವರದ ಜೊತೆ ಮೂಗಿನಿಂದ ದಪ್ಪ ಸಿಂಬಳ ಸುರಿಯುತ್ತಿದ್ದರೆ ಆ ಕುದುರೆಯನ್ನು ಬೇರೆ ಕಟ್ಟಿ, ಬಕೆಟ್ಟನ್ನೂ ಬೇರೆ ಮಾಡಿ, ಪಶುವೈದ್ಯರನ್ನು ಕರೆಯಿರಿ. ಅದು ಗ್ಲಾಂಡರ್ಸ್ ಎಂಬ ಕುದುರೆಗಳ ಅಂಟುರೋಗ ಇರಬಹುದು, ಅದು ಮನುಷ್ಯರಿಗೂ ಅಂಟುತ್ತದೆ.

ಕಾರಣ ಯಾವುದೇ ಇರಲಿ, 41 ಕಂಡರೆ ಮೊದಲು ನೀರು. ಜೀನು, ಹಗ್ಗ ಬಿಚ್ಚಿ ನೆರಳಿಗೆ ತಂದು, ಕುತ್ತಿಗೆ, ಬೆನ್ನು, ತೊಡೆ ಎಲ್ಲದರ ಮೇಲೂ ತಣ್ಣೀರು ಸುರಿಯುತ್ತಲೇ ಇರಿ. ‘ಬಿಸಿ ಮೈಗೆ ತಣ್ಣೀರು ಬಿದ್ದರೆ ಮಾಂಸ ಹಿಡಿದುಕೊಳ್ಳುತ್ತದೆ’ ಎನ್ನುವ ಹೆದರಿಕೆ ಹಳೆಯದು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮುನ್ನ ನಡೆದ ಸಂಶೋಧನೆಗಳಲ್ಲಿ, ಓಡಿ ಕಾದ ಕುದುರೆಗಳಿಗೆ ಮಂಜುಗಡ್ಡೆ ಬೆರೆತ ನೀರು ಹಾಕಿದರೂ ಅಪಾಯವಾಗಲಿಲ್ಲ. ನಮ್ಮಲ್ಲಿ ನಿಜವಾಗಿ ಕೆಡುಕು ಮಾಡುವುದು ಒದ್ದೆ ಗೋಣಿತಟ್ಟು. ಅದನ್ನು ಬೆನ್ನ ಮೇಲೆ ಹೊದಿಸಿ ಹೋದರೆ ಕೆಲ ನಿಮಿಷಗಳಲ್ಲಿ ನೀರು ಕಾದು, ಒಳಗಿನ ಬಿಸಿಯನ್ನು ಕಂಬಳಿಯಂತೆ ಹಿಡಿದಿಡುತ್ತದೆ. ತಗಡಿನ ಸೂರಿನ ಲಾಯಕ್ಕಿಂತ ಬೇವಿನ ನೆರಳು ವಾಸಿ.

ಇನ್ನೊಂದು ತಪ್ಪು ನಂಬಿಕೆ ಕುಡಿಯುವ ನೀರಿನದು. ಬೆವರಿದ ಕುದುರೆಗೆ ನೀರು ಕೊಡಬಾರದೆಂದು ಬಕೆಟ್ ಎತ್ತಿಡುತ್ತಾರೆ. ಎತ್ತಿಡಬೇಡಿ, ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಕುಡಿಸಿ. ನಮ್ಮ ಬೆವರು ರಕ್ತಕ್ಕಿಂತ ಸಪ್ಪೆ. ಹೀಗಾಗಿ ಬೆವರಿದಂತೆ ರಕ್ತದ ಉಪ್ಪು ಏರಿ ಬಾಯಾರುತ್ತದೆ. ಕುದುರೆಯ ಬೆವರಿನಲ್ಲಿ ರಕ್ತದಷ್ಟೇ ಅಥವಾ ಅದಕ್ಕಿಂತ ಹೆಚ್ಚು ಉಪ್ಪಿರುತ್ತದೆ. ನೀರೂ ಉಪ್ಪೂ ಒಟ್ಟಿಗೇ ಹೋಗುವುದರಿಂದ ಮೈಯ ನೀರು ಆರುತ್ತಿದ್ದರೂ ಅದಕ್ಕೆ ಅಷ್ಟಾಗಿ ಬಾಯಾರಿಕೆ ಎನಿಸುವುದಿಲ್ಲ. ಹಾಗಾಗಿ ನೆನೆಸಿದ ಗೋಧಿ ಬೂಸಾಕ್ಕೆ ಒಂದು ಚಮಚ ಅಡುಗೆ ಉಪ್ಪು ಸೇರಿಸಿ. ಉಪ್ಪುನೀರು ಇಟ್ಟರೆ ಪಕ್ಕದಲ್ಲಿ ಸಪ್ಪೆ ನೀರಿನ ಬಕೆಟ್ಟೂ ಇರಲೇಬೇಕು.

ನೀರು ಸಾಕಾಗಿದೆಯೇ ಎಂದು ತಿಳಿಯಲು ಒಸಡನ್ನು ಬೆರಳಿನಿಂದ ಒತ್ತಿ ಬಿಡಿ: ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಗುಲಾಬಿಯಾಗಬೇಕು. ಒಸಡು ಅಂಟಂಟಾಗಿ, ಲದ್ದಿ ಒಣಗಿ ಗಟ್ಟಿಯಾಗಿದ್ದರೆ ಜೋಳದ ಒಣ ಕಣಿಕೆ ನಿಲ್ಲಿಸಿ ಹಸಿ ಹುಲ್ಲು ಹಾಕಿ. ಇಲ್ಲವಾದರೆ ಕರುಳಿನಲ್ಲಿ ಮೇವು ಕಟ್ಟಿ ಹೊಟ್ಟೆಶೂಲೆ ಶುರುವಾಗುತ್ತದೆ. ಆಗ ಬಾಟಲಿಯಿಂದ ಎಣ್ಣೆ ಕುಡಿಸುವ ಸಾಹಸ ಬೇಡ. ಅದು ಶ್ವಾಸಕೋಶಕ್ಕೆ ಹೋಗಿ ಸತ್ತ ಕುದುರೆಗಳನ್ನು ನಾನು ನೋಡಿದ್ದೇನೆ. ಅಂಗಡಿಯಿಂದ ತಂದ ನೋವಿನ ಇಂಜೆಕ್ಷನ್ನೂ ಬೇಡ. ಮೈಯಲ್ಲಿ ನೀರಿಲ್ಲದಾಗ ಅದು ಮೂತ್ರಪಿಂಡವನ್ನೇ ಕೆಡಿಸುತ್ತದೆ.

ವಿಶ್ರಾಂತಿಯಲ್ಲಿರುವ ಕುದುರೆ ನಿಮಿಷಕ್ಕೆ 8ರಿಂದ 16 ಬಾರಿ ಉಸಿರಾಡುತ್ತದೆ. ತಂಪು ಮಾಡಿ ಅರ್ಧ ಗಂಟೆಯಾದರೂ ಪಕ್ಕೆ 40ಕ್ಕಿಂತ ಹೆಚ್ಚು ಬಾರಿ ಏರಿಳಿಯುತ್ತಿದ್ದರೆ, ಅಥವಾ ಇಷ್ಟು ಸೆಕೆಯಲ್ಲೂ ಬೆವರದೆ ಇದ್ದರೆ ತಡಮಾಡದೆ ಪಶುವೈದ್ಯರಿಗೆ ಫೋನ್ ಮಾಡಿ. ಚೇತರಿಸಿಕೊಂಡ ಮೇಲೂ ಮೂರ್ನಾಲ್ಕು ದಿನ ಮೂತ್ರದ ಬಣ್ಣ ಗಮನಿಸಿ. ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿದ್ದರೆ ಸ್ನಾಯು ಕರಗಿ ಬರುತ್ತಿದೆ ಎಂದರ್ಥ. ಮುಂಗಾಲು ಊರಲು ಹಿಂಜರಿದರೆ ಗೊರಸಿನೊಳಗೆ ಉರಿಯೂತ ಶುರುವಾಗಿರಬಹುದು. ಎರಡೂ ಇಲ್ಲದಿದ್ದರೂ ಒಂದು ವಾರ ಟಾಂಗಾಕ್ಕೆ ಕಟ್ಟಬೇಡಿ. ಆಮೇಲೂ ಬೆಳಿಗ್ಗೆ ಹತ್ತರೊಳಗೆ, ಸಂಜೆ ಐದರ ನಂತರ ಮಾತ್ರ.